ಬಿಳಿ ನೀರಿನ ಬೇಸಿಗೆ

ಕಳೆದ ವಾರ ಕಾರವಾರದ ನಮ್ಮ ಕೇರಿಯಲ್ಲಿ ಚೌತಿಯ ಮುಂಚಿನ ಗಡಿಬಿಡಿ ಶುರುವಾಗಿತ್ತು. ಪಕ್ಕದ ಮನೆಯವರು ಕಂಪೌಂಡಿಗೆ ಸುಣ್ಣ ಹೊಡೆಸಲು ಒಬ್ಬ ಆಳನ್ನು ಕರೆಸಿದ್ದರು. ಅವನು ಗೇಟಿನ ಎದುರು ತಗಡಿನ ಡ್ರಮ್ಮಿನಲ್ಲಿ ಸುಣ್ಣದ ಹರಳು ಹಾಕಿ, ನೀರು ಹೊಯ್ದು, ಬೀಡಿ ಹಚ್ಚಿಕೊಂಡು ಕೂತಿದ್ದ. ಡ್ರಮ್ಮಿನೊಳಗೆ ಕೊತಕೊತ ಸದ್ದು, ಮೇಲೆ ಬಿಳಿ ಹಬೆ, ಮೂಗು ಒಣಗಿಸುವ ಆ ಖಾರ ವಾಸನೆ. ಹಾಲು ತರಲು ಹೊರಟಿದ್ದ ನಾನು ರಸ್ತೆಯ ಆಚೆ ಬದಿಗೆ ದಾಟಿ ಗಟಾರದ ಅಂಚಿನಲ್ಲಿ ನಡೆದು ಹೋದೆ. ಅರವತ್ತರ ಹತ್ತಿರ ಬಂದ ಮನುಷ್ಯ ಒಂದು ಡ್ರಮ್ಮಿಗೆ ಹೆದರಿ ದಾರಿ ಬದಲಿಸಿದ್ದನ್ನು ಕಂಡು ಆ ಆಳು ನಕ್ಕಿರಬೇಕು. ನಗಲಿ. ನಾನು ಹುಟ್ಟಾ ಪುಕ್ಕಲ, ಅದನ್ನು ಮುಚ್ಚಿಡುವ ವಯಸ್ಸು ಇದಲ್ಲ.

ಈ ಹೆದರಿಕೆ ನಾನು ಸಂಪಾದಿಸಿದ್ದಲ್ಲ, ಹೆತ್ತ ಆಯಿಯಿಂದ ಬಂದದ್ದು. ನಮ್ಮ ಮನೆ ಇದ್ದದ್ದು ಅಂಕೋಲೆಯ ಪಕ್ಕದ ಮಂಜಗುಣಿಯಲ್ಲಿ, ಗಂಗಾವಳಿ ಹೊಳೆ ಸಮುದ್ರ ಸೇರುವ ಕಡೆ. ನಾನು ಹುಟ್ಟುವ ಮೊದಲು ಅಪ್ಪ ಅಲ್ಲಿ ಸುಣ್ಣದ ಗೂಡು ಇಟ್ಟುಕೊಂಡಿದ್ದರು. ಇಳಿತದ ಹೊತ್ತಿಗೆ ಹೆಂಗಸರು ಹೊಳೆಯಿಂದ ಬುಟ್ಟಿಗಟ್ಟಲೆ ಚಿಪ್ಪು ಹೆಕ್ಕಿ ತರುತ್ತಿದ್ದರಂತೆ. ಅದನ್ನು ಇದ್ದಿಲಿನ ಜೊತೆ ಗೂಡಿನಲ್ಲಿ ಸುಟ್ಟು, ಸುಟ್ಟ ಚಿಪ್ಪನ್ನು ಗುಂಡಿಗೆ ಹಾಕಿ ನೀರು ಬಿಟ್ಟರೆ ಅದು ಕುದಿದು, ಅರಳಿ, ಬೆಣ್ಣೆಯಂಥ ಸುಣ್ಣವಾಗುತ್ತದೆ. ಮೇಲೆ ಕೆನೆಗಟ್ಟಿ ತಣ್ಣಗೆ ಕಂಡರೂ ಒಳಗಿನ ಬಿಸಿ ಎರಡು ಮೂರು ದಿನ ಆರುವುದಿಲ್ಲ. ಅಂಥದೊಂದು ಗುಂಡಿಗೆ ನನ್ನ ಅಕ್ಕ ಸುಮತಿ ಬಿದ್ದಳು. ಆಗ ಅವಳಿಗೆ ಐದು ವರ್ಷ. ಸೊಂಟದ ತನಕ ಹೂತು ಹೋಗಿದ್ದವಳನ್ನು ಎಳೆದು ತೆಗೆದರು. ಮೂರನೇ ದಿನ ಕಾರವಾರದ ಆಸ್ಪತ್ರೆಯಲ್ಲಿ ತೀರಿಕೊಂಡಳು. ನಾನು ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ.

ಅಪ್ಪ ಗೂಡು ಕೆಡವಿ, ಗುಂಡಿ ಮುಚ್ಚಿಸಿ, ಗದ್ದೆ ನೋಡಿಕೊಂಡು ಉಳಿದರು. ನಮ್ಮ ಮನೆಯೊಳಗೆ ಮತ್ತೆ ಸುಣ್ಣ ಬರಲಿಲ್ಲ. ಊರಿನವರೆಲ್ಲ ಚೌತಿಗೆ ಗೋಡೆ ಬೆಳ್ಳಗೆ ಮಾಡಿದರೆ ನಮ್ಮದು ಕೆಮ್ಮಣ್ಣಿನ ಗೋಡೆ. ಆಯಿ ಎಲೆ ಅಡಿಕೆಯನ್ನೂ ಸುಣ್ಣವಿಲ್ಲದೆ ಜಗಿಯುತ್ತಿದ್ದಳು. ಬಾಯಿ ಕೆಂಪಾಗುತ್ತಿರಲಿಲ್ಲ, ನೆಂಟರು ತಮಾಷೆ ಮಾಡಿದರೆ ಕೇಳಿಸದವಳ ಹಾಗೆ ಇರುತ್ತಿದ್ದಳು. ಎಲ್ಲಿಗೆ ಹೋದರೂ ಚೀಲದಲ್ಲಿ ಒಂದು ಸಣ್ಣ ಬಾಟಲಿ ತೆಂಗಿನೆಣ್ಣೆ. ಕೇಳಿದವರಿಗೆ ಮಂಡಿನೋವಿಗೆ ಅನ್ನುತ್ತಿದ್ದಳು. ಮಂಡಿನೋವು ಬರುವ ಎಷ್ಟೋ ವರ್ಷ ಮೊದಲಿನಿಂದಲೂ ಆ ಬಾಟಲಿ ಇತ್ತು. ನನ್ನನ್ನಂತೂ ಹೊಳೆಗೆ ಬಿಡಲಿಲ್ಲ, ಮರ ಹತ್ತಗೊಡಲಿಲ್ಲ, ಮಳೆಗಾಲದ ಕೆಸರುಗುಂಡಿಯ ಹತ್ತಿರವೂ ಸುಳಿಯಗೊಡಲಿಲ್ಲ. ಸಮುದ್ರದ ಬಾಯಲ್ಲಿ ಹುಟ್ಟಿಯೂ ಈಜು ಬಾರದವನು ಮಂಜಗುಣಿಯಲ್ಲಿ ನಾನೊಬ್ಬನೇ ಇದ್ದೆ.

ಇದಿಷ್ಟು ಊರಿಗೆಲ್ಲ ಗೊತ್ತಿದ್ದ ಸಂಗತಿ. ಇನ್ನೊಂದು ಇತ್ತು. ಸುಣ್ಣದ ಕೆಲಸದ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಪಾಠ, ಸುಣ್ಣದ ಹತ್ತಿರ ನೀರು ಒಯ್ಯಬಾರದು ಎಂದು. ಸುಟ್ಟ ಚಿಪ್ಪಿಗೆ ನೀರು ಬಿದ್ದರೆ ಬೆಂಕಿ ಬಿದ್ದ ಹಾಗೆ ಎನ್ನುವುದನ್ನು ದಿನಾ ಕಣ್ಣಾರೆ ನೋಡಿದವರು ಅವರು. ಮೈಗೆ ಸುಣ್ಣ ತಾಗಿದರೆ ಬಟ್ಟೆಯಲ್ಲಿ ಒರೆಸಿ ಎಣ್ಣೆ ಹಚ್ಚುವುದು, ನೀರು ಮಾತ್ರ ತಾಗಿಸಬಾರದು. ಸುಮತಿಯನ್ನು ಗುಂಡಿಯಿಂದ ತೆಗೆದು ಅಂಗಳದಲ್ಲಿ ಮಲಗಿಸಿದಾಗ ಅಕ್ಕಪಕ್ಕದವರು ಬಾವಿಗೆ ಓಡಿದರು. ಆಯಿ ಎರಡೂ ಕೈ ಅಗಲಿಸಿ ಅಡ್ಡ ನಿಂತಳು. "ನೀರು ಹೊಯ್ಬೇಡಿ, ಕೂಸು ಬೆಂದೋಗ್ತದೆ" ಅಂದಳಂತೆ. ಅವಳ ಮಾತು ಎಲ್ಲರಿಗೂ ಸರಿ ಅನಿಸಿತು. ಎಣ್ಣೆಯ ಗಿಂಡಿ ತಂದು ಹಚ್ಚಿದರು.

ಅಪ್ಪ ಹೋಗುವ ಹಿಂದಿನ ವಾರ ನನ್ನನ್ನು ಹತ್ತಿರ ಕರೆದರು. ಹೊಸ ಶತಮಾನ ಹುಟ್ಟಿ ಒಂದೆರಡು ವರ್ಷವಾಗಿತ್ತು. ಆಯಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಅವಳ ಬಳೆಯ ಸದ್ದು ಕೇಳುತ್ತಿತ್ತು.

"ಡಾಕ್ಟ್ರು ಆವತ್ತೇ ಹೇಳಿದ್ರು ತಮಾ" ಅಂದರು ಅಪ್ಪ. "ತೆಗ್ದ ಕೂಡ್ಲೆ ಬಾವಿ ನೀರು ಹೊಯ್ತಾ ಇದ್ದಿದ್ರೆ ಕೂಸು ಉಳೀತಿತ್ತು ಅಂತ. ಸುಣ್ಣ ಎಲ್ಲ ತೊಳ್ದು ಹೋಗ್ತಿತ್ತಂತೆ. ನಿನ್ನ ಆಯಿಗೆ ನಾ ಹೇಳ್ಲಿಲ್ಲ. ಹೇಳಿದ್ರೆ ಅದೇ ಬಾವಿಗೆ ಹಾರ್ತಿತ್ತು. ಇನ್ನು ನಾ ಇರೂದಿಲ್ಲ, ನೀ ಹೇಳಬ್ಯಾಡ. ಯಾರೂ ಹೇಳದ ಹಂಗೆ ನೋಡ್ಕೊ."

ಅಪ್ಪ ನನಗೆ ಬಿಟ್ಟುಹೋದದ್ದು ಹನ್ನೆರಡು ಗುಂಟೆ ಗದ್ದೆ ಮತ್ತು ಈ ಮಾತು. ಗದ್ದೆಯನ್ನು ಗೇಣಿಗೆ ಕೊಟ್ಟೆ. ಈ ಮಾತನ್ನು ಯಾರಿಗೆ ಕೊಡುವುದು? ಅಂದಿನಿಂದ ಆಯಿಯ ಎದುರು ಟಿವಿಯಲ್ಲಿ ಡಾಕ್ಟರ ಕಾರ್ಯಕ್ರಮ ಬಂದರೆ ಚಾನೆಲ್ ಬದಲಿಸುತ್ತಿದ್ದೆ. ಸುಟ್ಟಗಾಯಕ್ಕೆ ಏನು ಮಾಡಬೇಕು ಎಂಬ ಲೇಖನವಿದ್ದ ಪೇಪರನ್ನು ಆಫೀಸಿಗೆ ಒಯ್ದುಬಿಡುತ್ತಿದ್ದೆ. ಹೆಂಡತಿ ವೀಣಾಳಿಗೂ ಹೇಳಲಿಲ್ಲ. ಬಾಯಿ ಜಾರಿದರೆ ಆಯಿ ಹೋಗಿಬಿಡುತ್ತಾಳೆ ಎಂಬ ಒಂದೇ ಭಯ.

ಆಗ ನಾನು ಕಾರವಾರದ ಬೈತಖೋಲ ಬಂದರಿನಲ್ಲಿ ಹೂಳೆತ್ತುವ ಒಂದು ಕಂಪನಿಯ ಸ್ಟೋರ್‌ಕೀಪರ್ ಆಗಿದ್ದೆ. ನಟ್ಟು, ಬೋಲ್ಟು, ಹಗ್ಗ, ಗ್ರೀಸು, ಇವೇ ನನ್ನ ಸಂಸಾರ. ಅಪ್ಪ ಹೋಗಿ ನಾಲ್ಕೈದು ವರ್ಷವಾಗಿತ್ತು, ಕಂಪನಿಗೆ ಟರ್ಕಿಯ ಇಜ್ಮಿರ್ ಬಂದರಿನಲ್ಲಿ ಕೆಲಸ ಸಿಕ್ಕಿತು. ಒಂದು ವರ್ಷಕ್ಕೆ ನನ್ನನ್ನು ಕಳಿಸಿದರು. ಹೆದರುತ್ತ ಹೋದೆ, ಹೆದರುತ್ತ ಇದ್ದೆ. ಬೇಸಿಗೆ ರಜೆಗೆ ವೀಣಾ, ನಮ್ಮ ಆರು ವರ್ಷದ ಮಗಳು ಅನಘಾ, ಆಯಿ, ಮೂವರೂ ಬಂದರು. ಆಯಿಯನ್ನು ಕರೆತರುವುದು ವೀಣಾಳ ಹಟ. ಅಂಕೋಲೆಯಿಂದ ಗೋವೆಯಾಚೆ ಕಾಲಿಡದವಳು ವಿಮಾನ ಇಳಿದು ಬಂದಾಗ ಕೈಯಲ್ಲಿ ಕೋಕಂ ಸಿಪ್ಪೆ, ಒಣಸೆಟ್ಲಿ ಸಿಗಡಿಯ ಡಬ್ಬ, ಒಂದು ದೊಡ್ಡ ಬಾಟಲಿ ತೆಂಗಿನೆಣ್ಣೆ.

ಇಜ್ಮಿರಿಗೆ ಆಯಿ ನಾನು ಅಂದುಕೊಂಡದ್ದಕ್ಕಿಂತ ಬೇಗ ಒಗ್ಗಿದಳು. ಅಲ್ಲಿನ ಕೊಲ್ಲಿಯೂ ನಮ್ಮ ಕಾರವಾರದ ಹಾಗೇ ಮೂರೂ ಕಡೆ ಗುಡ್ಡ. ಸಂತೆಯಲ್ಲಿ ಮೀನಿನ ರಾಶಿ ಕಂಡದ್ದೇ ನುಗ್ಗಿದಳು. "ತಾರ್ಲೆ ಇಲ್ಲೂ ತಾರ್ಲೆನೇ ಅಲ್ಲೋ" ಎಂದು ಒಂದರ ಕಿವಿರು ಬಿಡಿಸಿ ನೋಡಿ, ತಾಜಾ ಅಲ್ಲ ಎಂದು ಅಂಕೋಲೆಯ ಮಾತಿನಲ್ಲೇ ಬೈದು, ಬೆಲೆ ಇಳಿಸಿದಳು. ಮೀನು ಮಾರುವವನಿಗೆ ಎಲ್ಲ ಅರ್ಥವಾಗಿತ್ತು. ಆದರೆ ಆ ಊರಿನ ಮೆಟ್ಟಿಲುಗಳು ಅವಳ ಮಂಡಿ ಹಿಡಿದವು. ರಾತ್ರಿಯಿಡೀ ನರಳುತ್ತಿದ್ದಳು.

ನನ್ನ ಜೊತೆ ಸ್ಟೋರಿನಲ್ಲಿದ್ದ ಮೆಹ್ಮತ್ ಎಂಬವನು ಒಳ್ಳೆಯ ಮನುಷ್ಯ, ಅತಿ ಒಳ್ಳೆಯವನು. ಅವನ ಮುರುಕು ಇಂಗ್ಲಿಷು, ನನ್ನ ಮುರುಕು ಇಂಗ್ಲಿಷು, ಎರಡೂ ಸೇರಿ ಸ್ನೇಹವಾಗಿತ್ತು. ಒಂದು ಭಾನುವಾರ ಊಟಕ್ಕೆ ಬಂದವನು ಆಯಿಯ ಮಂಡಿ ನೋಡಿ, ಪಾಮುಕ್ಕಲೆಗೆ ಹೋಗೋಣ ಅಂದ. ಭೂಮಿಯೊಳಗಿಂದ ಬಿಸಿನೀರು ಬರುತ್ತದೆ, ಎರಡು ಸಾವಿರ ವರ್ಷದಿಂದ ನೋವಿನವರು ಬಂದು ಮೀಯುತ್ತಾರೆ, ಅವರಿಗಾಗಿಯೇ ಕಟ್ಟಿದ ಒಂದು ಹಳೇ ಪಟ್ಟಣ ಪಕ್ಕದಲ್ಲೇ ಹಾಳುಬಿದ್ದಿದೆ ಎಂದೆಲ್ಲ ಹೇಳಿದ. ವೀಣಾ ಅದನ್ನು ಆಯಿಗೆ ಕನ್ನಡದಲ್ಲಿ ಹೇಳಿದಳು. ಆಯಿಯ ಮುಖ ಅರಳಿತು. ಅವಳ ದೊಡ್ಡಮ್ಮ ಒಮ್ಮೆ ರತ್ನಾಗಿರಿ ಕಡೆಯ ಬಿಸಿನೀರಿನ ಬುಗ್ಗೆಗೆ ಹೋಗಿ ಕೋಲು ಬಿಟ್ಟು ನಡೆದು ಬಂದಿದ್ದಳಂತೆ.

"ಹೋಗ್ವ ತಮಾ" ಅಂದಳು. "ಬಿಸಿನೀರು ದೇವ್ರು ಕೊಟ್ಟದ್ದು."

ನನಗೂ ಖುಷಿಯೇ ಆಗಿತ್ತು, ಮರುದಿನ ಮೆಹ್ಮತ್ ಒಂದು ಪೋಸ್ಟ್‌ಕಾರ್ಡು ತಂದು ತೋರಿಸುವವರೆಗೆ. ಒಂದು ಇಡೀ ಗುಡ್ಡ ಬೆಳ್ಳಗೆ. ಗುಡ್ಡದ ಮೈಮೇಲೆ ಗದ್ದೆಯ ಬದು ಕಟ್ಟಿದ ಹಾಗೆ ಅಂಚು ಅಂಚಾಗಿ ಬಿಳಿ ಗುಂಡಿಗಳು, ಗುಂಡಿಗಳ ತುಂಬ ನೀರು, ನೀರಿನ ಮೇಲೆ ತೆಳ್ಳಗೆ ಹಬೆ. ನೀರಿನಲ್ಲಿ ಕರಗಿ ಬರುವ ಸುಣ್ಣದ ಕಲ್ಲೇ ಸಾವಿರಾರು ವರ್ಷದಿಂದ ಹೀಗೆ ಹೆಪ್ಪುಗಟ್ಟಿದೆ ಎಂದು ಅವನು ಹೆಮ್ಮೆಯಿಂದ ವಿವರಿಸುತ್ತಿದ್ದ. ಸುಣ್ಣ, ನೀರು, ಬಿಸಿ, ಗುಂಡಿ. ಆಯಿಯನ್ನು ನಾನು ಯಾವುದರಿಂದ ದೂರ ಇಟ್ಟಿದ್ದೆನೋ ಅದರ ಗುಡ್ಡವನ್ನೇ ಈ ಪುಣ್ಯಾತ್ಮ ತೋರಿಸಲು ಹೊರಟಿದ್ದ.

ಬೇಡ ಎನ್ನಲು ಏನೆಲ್ಲ ನೋಡಿದೆ. ಕೆಲಸವಿದೆ ಅಂದೆ, ರಜೆ ಸಿಕ್ಕಿತು. ಹೊಟ್ಟೆ ಸರಿಯಿಲ್ಲ ಅಂದೆ, ಆಯಿ ಓಮಿನ ಕಷಾಯ ಕುಡಿಸಿದಳು. "ಎಲ್ಲದಕ್ಕೂ ಹೆದರಿ ಸಾಯ್ತೀರಿ ನೀವು, ಆಯಿ ಕಾಲಿಗಾದ್ರೂ ಬನ್ನಿ" ಎಂದು ವೀಣಾ ಸಿಡುಕಿದಳು. ಕಡೆಗೆ ಮೇ ತಿಂಗಳ ಒಂದು ಬೆಳಗ್ಗೆ ಮೆಹ್ಮತ್‌ನ ಕಾರಿನಲ್ಲಿ ಹೊರಟೆವು.

ಮೂರು ನಾಲ್ಕು ತಾಸಿನ ದಾರಿ. ಎರಡೂ ಬದಿ ಅಂಜೂರದ ತೋಟ, ಹತ್ತಿಯ ಹೊಲ. ಅನಘಾ ಹಾಡುತ್ತಿದ್ದಳು. ಆಯಿ ಕಿಟಕಿಯಿಂದ ಗದ್ದೆ ನೋಡುತ್ತ, ಇಲ್ಲಿ ಕಳೆ ತೆಗೆಯುವವರು ಯಾರು, ಹೊತ್ತಿಗೆ ಊಟ ಏನು ಎಂದು ಕೇಳುತ್ತಿದ್ದಳು. ನಾನು ಅವಳಿಗೆ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸುತ್ತ ಕೂತಿದ್ದೆ. ತಿರುವು ದಾಟಿದ ಮೇಲೆ ದೂರದಲ್ಲಿ ಗುಡ್ಡ ಕಂಡಿತು. ಬಿಸಿಲಿಗೆ ಕಣ್ಣು ಕುಕ್ಕುವ ಬಿಳಿ.

"ಅದೆಂತಾ ತಮಾ, ಅಷ್ಟು ಬೆಳ್ಳಗೆ?" ಆಯಿ ಕೇಳಿದಳು.

"ಉಪ್ಪು" ಅಂದುಬಿಟ್ಟೆ. "ಸಾಣಿಕಟ್ಟೆಯ ಉಪ್ಪಿನ ಆಗರ ಇಲ್ವಾ, ಹಂಗೇ."

ವೀಣಾ ನನ್ನ ಕಡೆ ತಿರುಗಿ ನೋಡಿದಳು. ನಾನು ಅವಳ ಮುಂಗೈ ಒತ್ತಿದೆ. ಯಾಕೆ ಎಂದು ಗೊತ್ತಾಗದಿದ್ದರೂ ಅವಳು ಸುಮ್ಮನಾದಳು. ಆಯಿ, "ಹೌದೋ, ಉಪ್ಪಿನ ನೀರಾದ್ರೆ ಮಂಡಿಗೆ ಇನ್ನೂ ಚಲೋ" ಅಂದಳು. ನನಗೆ ಸ್ವಲ್ಪ ಉಸಿರು ಬಂತು.

ಮೆಹ್ಮತ್ ಕಾರನ್ನು ಗುಡ್ಡದ ಹಿಂದಿನ ಬಾಗಿಲಿಗೆ ಒಯ್ದ. ಹಳೇ ಪಟ್ಟಣವನ್ನು ನೋಡಿಕೊಂಡು ನೀರಿಗೆ ಹೋಗೋಣ ಎಂಬುದು ಅವನ ಲೆಕ್ಕ. ಒಳಗೆ ಹೊಕ್ಕರೆ ಮೊದಲು ಕಂಡದ್ದು ಗೋರಿಗಳು. ನಾನು ಹತ್ತೋ ಇಪ್ಪತ್ತೋ ಇರಬಹುದು ಅಂದುಕೊಂಡೆ. ನಡೆದಷ್ಟೂ ಮುಗಿಯಲಿಲ್ಲ. ಕಲ್ಲಿನ ಪೆಟ್ಟಿಗೆಗಳು, ಮನೆಯ ಆಕಾರದ ಗೋರಿಗಳು, ಹುಲ್ಲು ಬೆಳೆದ ದುಂಡು ದಿಬ್ಬಗಳು. ಎಷ್ಟೋ ಪೆಟ್ಟಿಗೆಗಳ ಮುಚ್ಚಳ ಸರಿದು ಒಳಗೆ ಕತ್ತಲು ಕಾಣುತ್ತಿತ್ತು. ನಡುನಡುವೆ ಕೆಂಪು ಹೂವು. ಗಾಳಿ ಬಿಟ್ಟರೆ ಸದ್ದಿಲ್ಲ. ಅನಘಾ ಹಾಡು ನಿಲ್ಲಿಸಿ ನನ್ನ ಬೆರಳು ಹಿಡಿದಳು.

"ಇವೆಲ್ಲ ಯಾರದ್ದು?" ಆಯಿ ಕೇಳಿದಳು.

ನಾನು ಮೆಹ್ಮತ್‌ನನ್ನು ಕೇಳಿದೆ. ದೂರ ದೂರದಿಂದ ಚಿಕಿತ್ಸೆಗೆ ಬಂದ ರೋಗಿಗಳಲ್ಲಿ ಬಹಳ ಜನ ಇಲ್ಲೇ ತೀರಿಕೊಂಡರು, ಅವರದ್ದೂ ಇದರಲ್ಲಿ ಇದೆ ಅಂದ. ಅವನು ಸಹಜವಾಗಿಯೇ ಹೇಳಿದ. ಅದನ್ನು ನಾನು ಆಯಿಗೆ ಹೇಳದೆ, ಹಳೇ ಕಾಲದ ಶ್ರೀಮಂತರದ್ದು ಅಂದೆ. ಆಯಿ ಒಂದು ಸಣ್ಣ ಪೆಟ್ಟಿಗೆಯ ಎದುರು ನಿಂತಳು. ಬೇರೆಯವುಗಳ ಅರ್ಧದಷ್ಟೂ ಇರಲಿಲ್ಲ.

"ಇದು ಮಕ್ಕಳದ್ದು" ಅಂದಳು. "ನೀರಿಗೆ ಕರ್ಕಂಡು ಬಂದಿರ್ತಾರೆ. ವಾಸಿ ಆಗ್ತದೆ ಅಂತ."

ಅವಳಿಗೆ ಯಾರೂ ಹೇಳಿರಲಿಲ್ಲ. ತಿರುಗಿ ಹೋಗೋಣ ಎಂದು ವೀಣಾಳ ಕಿವಿಯಲ್ಲಿ ಹೇಳಿದೆ. ಇಷ್ಟು ದೂರ ಬಂದು, ಅಂದಳು ಅವಳು.

ಕಮಾನಿನ ಬಾಗಿಲು, ಕಲ್ಲು ಹಾಸಿದ ಅಗಲ ಬೀದಿ, ಮುರಿದ ಕಂಬಗಳು. ಒಂದು ದೇವಸ್ಥಾನದ ಅವಶೇಷದ ಪಕ್ಕ ಕಬ್ಬಿಣದ ಸರಳು ಹಾಕಿದ ಸಣ್ಣ ಬಿಲ. ಅದರೊಳಗಿಂದ ಬುಸುಬುಸು ಎನ್ನುವ ಸಣ್ಣ ಸದ್ದು. ಅಲ್ಲಿಂದ ವಿಷದ ಗಾಳಿ ಬರುತ್ತದೆ, ಹತ್ತಿರ ಹೋದ ಹಕ್ಕಿಗಳು ಬಿದ್ದು ಸಾಯುತ್ತವೆ, ಹಿಂದಿನವರು ಅದನ್ನು ಸಾವಿನ ದೇವರ ಬಾಗಿಲು ಎಂದು ನಂಬಿದ್ದರು ಎಂದು ಮೆಹ್ಮತ್ ನಗುತ್ತ ಹೇಳಿದ. ನಾನು ಅನಘಾಳನ್ನು ಎತ್ತಿಕೊಂಡು ಹತ್ತು ಮಾರು ದೂರ ಓಡಿದೆ. ಆರು ವರ್ಷದ ಮಗು ನನ್ನ ಕಂಕುಳಲ್ಲಿ ಕಾಲು ಬಡಿಯುತ್ತ, "ಬಿಡಿ ಅಪ್ಪಾ, ನಾನು ನೀರಿಗೆ ಹೋಗ್ಬೇಕು" ಎಂದು ಅಳತೊಡಗಿತು. ಅಲ್ಲಿದ್ದ ನಾಲ್ಕು ಜನ ನನ್ನನ್ನು ನೋಡಿದರು. ನಾಚಿಕೆಯಾಗಿ ಕೆಳಗಿಳಿಸಿದೆ. ಮಾಡಿದ ತಪ್ಪು ಅದೇ. ಇಳಿಸಿದ್ದೇ ತಡ, ಅವಳು ವೀಣಾಳ ಕೈ ಹಿಡಿದು ಮುಂದೆ ಓಡಿದಳು. ಮೆಹ್ಮತ್ ಅವರ ಹಿಂದೆ ಹೋದ. ನಾನು ಆಯಿಯ ಜೊತೆ ಹಿಂದೆ ಉಳಿದೆ. ಅವಳ ಮಂಡಿಗೆ ಅಷ್ಟೇ ವೇಗ ಸಾಧ್ಯವಿತ್ತು.

ಗುಡ್ಡದ ಅಂಚಿಗೆ ಬಂದಾಗ ನೂರಾರು ಜನ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬಿಳಿಯ ಮೇಲೆ ನಡೆಯುತ್ತಿದ್ದರು. ಚಪ್ಪಲಿ ಹಾಕಿದವರನ್ನು ಕಂಡರೆ ಕಾವಲಿನವನು ಸಿಳ್ಳೆ ಊದುತ್ತಿದ್ದ. ಬದಿಯ ಕಾಲುವೆಯಲ್ಲಿ ಬಿಸಿನೀರು ಹರಿದು ಕೆಳಗಿನ ಗುಂಡಿಗಳಿಗೆ ಇಳಿಯುತ್ತಿತ್ತು. ಕೆಳಗೆ ಎರಡನೇ ಗುಂಡಿಯಲ್ಲಿ ಅನಘಾ ಫ್ರಾಕು ಎತ್ತಿ ಹಿಡಿದು ಮೊಳಕಾಲಷ್ಟು ನೀರಿನಲ್ಲಿ ನಿಂತಿದ್ದಳು. ವೀಣಾ ಅಂಚಿನಲ್ಲಿ ನಿಂತು ಕ್ಯಾಮೆರಾ ಸರಿ ಮಾಡುತ್ತಿದ್ದಳು.

ಆಯಿ ಅವರ ಕಡೆ ಇನ್ನೂ ನೋಡಿರಲಿಲ್ಲ. ಅವಳು ಬಗ್ಗಿ, ಕಾಲಡಿಯ ಒಂದು ಚೂರು ಬಿಳಿಯನ್ನು ಉಗುರಿನಲ್ಲಿ ಕೆರೆದು ತೆಗೆದಳು. ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ತಿಕ್ಕಿದಳು. ಮೂಸಿದಳು. ನಾಲಿಗೆಯ ತುದಿಗೆ ಮುಟ್ಟಿಸಿದಳು. ಹತ್ತು ವರ್ಷ ಗೂಡಿನ ಕೆಲಸ ಮಾಡಿದ ಬೆರಳುಗಳು.

"ಉಪ್ಪಲ್ಲ ತಮಾ" ಅಂದಳು.

"ಆಯಿ..."

"ಸುಣ್ಣ."

ತಲೆ ಎತ್ತಿದವಳಿಗೆ ಗುಂಡಿ ಕಂಡಿತು. ಗುಂಡಿಯೊಳಗೆ ಮೊಮ್ಮಗಳು ಕಂಡಳು. ಅದೇ ಹೊತ್ತಿಗೆ ಅನಘಾ ಕಾಲು ಜಾರಿ ಮುಖ ಅಡಿಯಾಗಿ ಬಿದ್ದಳು.

ಮಂಡಿನೋವಿನ ಆಯಿ ಓಡಿದಳು. ನಾನು ಅವಳನ್ನು ಹಿಡಿಯಲು ಹೋದೆ, ಸೆರಗಿನ ತುದಿ ಮಾತ್ರ ಕೈಗೆ ಸಿಕ್ಕಿತು. ರಬ್ಬರಿನ ಚಪ್ಪಲಿ ಹಾಕಿಕೊಂಡೇ ಅವಳು ಆ ಬಿಳಿಯ ಮೇಲೆ ಇಳಿದಳು. ಕಾವಲಿನವನ ಸಿಳ್ಳೆ ಒಂದೇ ಸಮ ಕೂಗುತ್ತಿತ್ತು. ಆಯಿ ಸೀರೆ ಸಹಿತ ಗುಂಡಿಗೆ ನುಗ್ಗಿ ಮಗುವನ್ನು ಎರಡೂ ರಟ್ಟೆ ಹಿಡಿದು ಎಳೆದಳು. ಅನಘಾ ಎದ್ದಾಗ ಮುಖದ ತುಂಬ ಗುಂಡಿಯ ತಳದ ಬಿಳಿ ಕೆಸರು. ಕೂದಲು, ಹುಬ್ಬು, ರೆಪ್ಪೆ, ಎಲ್ಲ ಬಿಳಿ. ಕಣ್ಣು ತೆರೆಯಲಾಗದೆ ಕಿರುಚುತ್ತಿದ್ದಳು.

ನಾನು ಅಲ್ಲಿಗೆ ಹೇಗೆ ಮುಟ್ಟಿದೆನೋ ನೆನಪಿಲ್ಲ. ಮುಟ್ಟುವಾಗ ಆಯಿ ಮಗುವನ್ನು ಅಂಚಿನ ಮೇಲೆ ಮಲಗಿಸಿ, ತನ್ನ ಸೆರಗಿನಿಂದ ಕಣ್ಣು ಒರೆಸುತ್ತ, ಇನ್ನೊಂದು ಕೈಯಲ್ಲಿ ಚೀಲದಿಂದ ಎಣ್ಣೆಯ ಬಾಟಲಿ ತೆಗೆಯುತ್ತಿದ್ದಳು. ಒದ್ದೆ ಕೈಗೆ ಮುಚ್ಚಳ ತಿರುಗುತ್ತಿರಲಿಲ್ಲ. ವೀಣಾ ತನ್ನ ನೀರಿನ ಬಾಟಲಿ ತೆರೆದು ಬಗ್ಗಿದಳು. ಆಯಿ ಅವಳ ಕೈಯನ್ನು ತಳ್ಳಿದಳು.

"ನೀರು ಹೊಯ್ಬೇಡಿ."

ನಾನು ಹುಟ್ಟುವ ಮೊದಲು ಮಂಜಗುಣಿಯ ಅಂಗಳದಲ್ಲಿ ಆಡಿದ ಮಾತನ್ನು ನಾನು ನನ್ನ ಕಿವಿಯಾರೆ ಕೇಳಿದೆ. ಎರಡೂ ಕೈ ಅಗಲಿಸಿ ಮಗುವಿನ ಮೇಲೆ ಬಾಗಿ ನಿಂತಿದ್ದಳು. ಅದು ಸುಡುವ ಸುಣ್ಣವಲ್ಲ, ಬರೀ ಕಲ್ಲಿನ ಕೆಸರು ಎಂದು ನನಗೆ ಗೊತ್ತಿತ್ತು. ನೀರು ಹಾಕಿದರೆ ಹೋಗುತ್ತದೆ ಎಂದೂ ಗೊತ್ತಿತ್ತು. ಆದರೆ ನೀರು ಹಾಕಿ ಮಗು ಕಣ್ಣು ಬಿಟ್ಟರೆ ಆಯಿ ಅದನ್ನು ನೋಡುತ್ತಾಳಲ್ಲ. ನೋಡಿದವಳು ಯೋಚಿಸುತ್ತಾಳಲ್ಲ. ನನ್ನ ಮಗಳು ಕಣ್ಣುರಿಗೆ ಅರಚುತ್ತಿದ್ದಾಗ ನಾನು ಅಪ್ಪನಿಗೆ ಕೊಟ್ಟ ಮಾತು ಹಿಡಿದು ನಿಂತೆ. ಅದು ಅರೆಗಳಿಗೆಯೇ ಇರಬಹುದು. ಅಷ್ಟು ಹೊತ್ತು ನಿಂತೆ ಎಂಬುದನ್ನು ಇಲ್ಲಿಯವರೆಗೆ ವೀಣಾಳಿಗೆ ಹೇಳಿಲ್ಲ.

ನಮ್ಮ ಪಕ್ಕದಲ್ಲಿ ತಲೆಗೆ ಹೂವಿನ ಬಟ್ಟೆ ಕಟ್ಟಿಕೊಂಡು ಕಾಲು ನೆನೆಸಿ ಕೂತಿದ್ದ ಒಬ್ಬ ದಪ್ಪನೆಯ ಮುದುಕಿ ಎದ್ದಳು. ಯಾರನ್ನೂ ಕೇಳಲಿಲ್ಲ. ಆಯಿಯ ಕೈಯ ಕೆಳಗಿನಿಂದ ಮಗುವನ್ನು ಎತ್ತಿ, ಮೇಲಿನ ಕಾಲುವೆಗೆ ಒಯ್ದು, ಹರಿಯುವ ನೀರಿಗೆ ಮುಖ ಹಿಡಿದಳು. ಬೊಗಸೆ ಬೊಗಸೆ ನೀರು ಎತ್ತಿ ಎರಚಿದಳು. ಮಗು ಉಸಿರುಗಟ್ಟಿ ಕೆಮ್ಮಿತು, ಅವಳು ಬಿಡಲಿಲ್ಲ. ತನ್ನ ಭಾಷೆಯಲ್ಲಿ ಏನೋ ಗದರುತ್ತ, ಸಮಾಧಾನ ಮಾಡುತ್ತ, ಎರಚುತ್ತಲೇ ಇದ್ದಳು. ಆಯಿ ಕಿರುಚಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು.

ಬಿಳಿ ಎಲ್ಲ ತೊಳೆದು ಕಾಲುವೆಯಲ್ಲಿ ಹೋಯಿತು. ಅನಘಾ ಕಣ್ಣು ಬಿಟ್ಟಳು. ಕಣ್ಣು ಕೆಂಪಗಾಗಿತ್ತು, ಅಷ್ಟೇ. ಮುದುಕಿ ಅವಳ ಮೂಗು ಒರೆಸಿ, ಕೆನ್ನೆ ಚಿವುಟಿ, ವೀಣಾಳ ಕೈಗೆ ಕೊಟ್ಟಳು. ಎರಡು ನಿಮಿಷಕ್ಕೆ ಮಗು ಮತ್ತೆ ನೀರಿಗೆ ಹೋಗುತ್ತೇನೆ ಎಂದು ಹಟ ಹಿಡಿಯಿತು. ಮೆಹ್ಮತ್ ಸಿಳ್ಳೆಯವನ ಹತ್ತಿರ ಹೋಗಿ ಆಯಿಯ ಚಪ್ಪಲಿಯ ಬಗ್ಗೆ ಕ್ಷಮೆ ಕೇಳುತ್ತಿದ್ದ.

ನಾನು ಆಯಿಯನ್ನು ಕಾಲುವೆಯ ಅಂಚಿನಲ್ಲಿ ಕೂರಿಸಿದೆ. ಸೀರೆಯಿಂದ ನೀರು ಸುರಿಯುತ್ತಿತ್ತು. ಅವಳು ತನ್ನ ಪಾದ ನೋಡಿಕೊಂಡಳು, ಕೈ ನೋಡಿಕೊಂಡಳು. ಎಲ್ಲೂ ಸುಟ್ಟಿರಲಿಲ್ಲ. ಎಣ್ಣೆಯ ಬಾಟಲಿ ಇನ್ನೂ ಮುಷ್ಟಿಯಲ್ಲಿತ್ತು. ನನಗೆ ಅವಳ ಮುಖ ನೋಡಲು ಹೆದರಿಕೆ. ಅವಳು ಏನನ್ನು ಯೋಚಿಸುತ್ತಿದ್ದಾಳೋ ಅದನ್ನು ಅವಳು ಯೋಚಿಸುವ ಮೊದಲೇ ನಾನು ಮಾತಿನಿಂದ ಮುಚ್ಚಬೇಕಾಗಿತ್ತು.

"ಇದು ಬೇರೆ ಆಯಿ" ಅಂದೆ. "ಇದು ಕಲ್ಲಿನ ಕೆಸರು. ಇದಕ್ಕೆ ನೀರು ಹಾಕ್ಬಹುದು. ನಮ್ಮ ಗೂಡಿನ ಸುಣ್ಣಕ್ಕೆ ಹಾಕ್ಬಾರ್ದು. ನೀರು ಹಾಕಿದ್ರೆ ಅದು ಇನ್ನೂ ಸುಡ್ತದೆ. ನೀನು ಆವತ್ತು ಮಾಡಿದ್ದೇ ಸರಿ."

ಆವತ್ತು ಎಂಬ ಶಬ್ದ ನಮ್ಮ ಮನೆಯಲ್ಲಿ ಯಾರೂ ಆಯಿಯ ಎದುರು ಆಡಿದ್ದಿಲ್ಲ. ಸುಮತಿಯ ಹೆಸರನ್ನೂ ಆಡಿದ್ದಿಲ್ಲ. ಬಾಯಿ ಜಾರಿತ್ತು. ಆಯಿ ನಿಧಾನಕ್ಕೆ ನನ್ನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ನೀರಿರಲಿಲ್ಲ.

"ಅವ್ರು ನಿಂಗೆ ಹೇಳಿ ಹೋದ್ರಾ?" ಅಂದಳು.

ಏನು ಹೇಳಿದ್ದು, ಯಾರು, ಎಂದು ತೊದಲಿದೆ.

"ಡಾಕ್ಟ್ರು ಹೇಳ್ವಾಗ ನಾ ಬಾಗಿಲ ಹಿಂದೆ ನಿಂತಿದ್ದೆ ತಮಾ. ಕೂಸಿಗೆ ಗಂಜಿ ತಂದಿದ್ದೆ. ಎಲ್ಲಾ ಕೇಳ್ದೆ."

"ಅಪ್ಪನಿಗೆ..."

"ಅವ್ರು ನಂಗೆ ಹೇಳಬಾರ್ದು ಅಂತ ಅಷ್ಟು ಕಷ್ಟ ಪಟ್ರು. ಪೇಟೆಯಲ್ಲಿ ಯಾರಾದ್ರೂ ಆ ಮಾತು ತೆಗೆದ್ರೆ ನನ್ನ ಕೈ ಹಿಡ್ಕಂಡು ಎದ್ದು ಬರ್ತಿದ್ರು. ನಂಗೆ ಗೊತ್ತದೆ ಅಂತ ಅವ್ರಿಗೆ ಗೊತ್ತಾಗಿದ್ರೆ, ಒಂದೇ ಮನೇಲಿ ಒಬ್ರ ಮುಖ ಒಬ್ರು ಹೆಂಗೆ ನೋಡೂದು? ಅದಕ್ಕೇ ಗೊತ್ತಿಲ್ಲ ಅಂತ್ಲೇ ಇದ್ದೆ, ಎಣ್ಣೆ ಬಾಟ್ಲಿನೂ ಬಿಡ್ಲಿಲ್ಲ. ಇವತ್ತು ಕೂಸು ಬಿದ್ದದ್ದು ಕಂಡ ಕೂಡ್ಲೆ ಗೊತ್ತಿದ್ದದ್ದೂ ಮರ್ತು ಅದೇ ಮಾತು ಬಾಯಿಗೆ ಬಂತು."

ಮೂವತ್ತೇಳೋ ಮೂವತ್ತೆಂಟೋ ವರ್ಷ. ಅಷ್ಟೂ ವರ್ಷ ಅವರಿಬ್ಬರು ಒಂದೇ ಮಾತನ್ನು ಒಬ್ಬರಿಂದ ಒಬ್ಬರು ಬಚ್ಚಿಟ್ಟುಕೊಂಡು, ಒಂದೇ ತಟ್ಟೆಗೆ ಬಡಿಸಿಕೊಂಡು, ನನ್ನನ್ನು ಸಾಕಿದ್ದರು. ನಾನು ಟಿವಿಯ ಚಾನೆಲ್ ತಿರುಗಿಸುವಾಗಲೆಲ್ಲ ಇವಳು ನನ್ನನ್ನು ನೋಡಿ ಸುಮ್ಮನಿದ್ದಳು. ನಾನು ಅವಳನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅವಳಿಗೆ ಅಪ್ಪ ಹೋದ ಮೇಲೂ ಮಾತಾಡಲು ಒಬ್ಬ ಮನುಷ್ಯ ಸಿಗದ ಹಾಗೆ ಮಾಡಿದ್ದೆ. ನನಗೆ ಅಳು ಬಂತು. ಆಯಿ ಅದನ್ನು ಗಮನಿಸಲಿಲ್ಲ. ಅವಳು ಮುದುಕಿ ಮಗುವಿನ ಮುಖ ತೊಳೆದ ಜಾಗವನ್ನೇ ನೋಡುತ್ತಿದ್ದಳು.

"ಡಾಕ್ಟ್ರು ನೀರು ಹೊಯ್ಬೇಕಾಗಿತ್ತು ಅಂದ್ರು" ಅಂದಳು. "ಎಷ್ಟು ಅಂತ ಹೇಳ್ಲಿಲ್ಲ. ಒಳಗೆ ಹೋಗಿ ಕೇಳೂಕೆ ನಂಗೆ ಧೈರ್ಯ ಆಗ್ಲಿಲ್ಲ. ಆಮೇಲೆ ಯಾರ ಹತ್ರ ಕೇಳೂದು? ನೀ ಓದ್ದವ. ಎಷ್ಟು ಕೊಡ ಹೊಯ್ಬೇಕಾಗಿತ್ತು ತಮಾ?"

ಕೆಳಗಿನ ಗುಂಡಿಯಿಂದ ಅನಘಾ ಅಜ್ಜಿಯನ್ನು ಕರೆಯುತ್ತಿದ್ದಳು. ಜಾಸ್ತಿ ಅಂದರೆ ಅವಳಿಗೆ ಸಮಾಧಾನವೋ, ಕಡಿಮೆ ಅಂದರೆ ಸಮಾಧಾನವೋ, ಅದೂ ನನಗೆ ತಿಳಿಯಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿದ್ದವನಿಗೆ ಆಗ ಒಂದು ಸುಳ್ಳೂ ಹೊಳೆಯಲಿಲ್ಲ.

ಆಯಿ ಕಾಲುವೆಯ ಬಿಸಿನೀರಿನಲ್ಲಿ ಮೊಣಕೈವರೆಗೆ ಕೈ ಇಳಿಬಿಟ್ಟು, ನನ್ನ ಮುಖ ನೋಡದೆ, ಇನ್ನೊಮ್ಮೆ ಕೇಳಿದಳು.

"ಎರಡು ಸಾಕಾಗ್ತಿತ್ತಾ?"